ಬ್ರ್ಯಾಂಡ್ ನಿಂತ ಮೇಲೆ ಗಾಡಿಯ ಗತಿ ಏನು?

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ, ಕೈಗಾರಿಕಾ ವಸಾಹತಿನ ಅಂಚಿನ ಒಂದು ಗ್ಯಾರೇಜಿಗೆ ಕಳೆದ ಮಳೆಗಾಲದಲ್ಲಿ ಒಂದೇ ವಾರ ಎರಡು ಗಾಡಿಗಳು ಬಂದು ಅಕ್ಕಪಕ್ಕ ನಿಂತವು. ಒಂದು ಅಣ್ಣಿಗೇರಿ ಕಡೆಯ ರೈತರೊಬ್ಬರ ಯೆಜ್ಡಿ ರೋಡ್‌ಕಿಂಗ್ ಮೋಟರ್‌ಸೈಕಲ್. ಇನ್ನೊಂದು ಧಾರವಾಡದಲ್ಲಿ ಉಪನ್ಯಾಸಕರಾಗಿರುವ ನನ್ನ ಗೆಳೆಯರು ಆರು ವರ್ಷಗಳ ಹಿಂದೆ ಸಾಲ ಮಾಡಿ ಕೊಂಡ ಬೈಕು. ಯೆಜ್ಡಿಯನ್ನು ತಯಾರಿಸಿದ ಕಾರ್ಖಾನೆ 1996ರಲ್ಲೇ ಉತ್ಪಾದನೆ ನಿಲ್ಲಿಸಿತು. ಗೆಳೆಯರ ಬೈಕಿನ ಬ್ರ್ಯಾಂಡನ್ನು ಅದರ ಕಂಪನಿ ನಿಲ್ಲಿಸಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಯೆಜ್ಡಿ ನಾಲ್ಕನೆಯ ದಿನ ಊರಿಗೆ ಮರಳಿತು. ಬೈಕು ದಸರೆ ಕಳೆದು ದೀಪಾವಳಿ ಬಂದರೂ ಗೋಡೆಗೆ ಒರಗಿಕೊಂಡೇ ಇತ್ತು.

ಯೆಜ್ಡಿಗೆ ಬಂದಿದ್ದ ಕಾಯಿಲೆ ಸಣ್ಣದೇನಲ್ಲ. ಪಿಸ್ಟನ್ ಪಿನ್ನನ್ನು ಹಿಡಿಯುವ ಬುಷ್ ಎಂಬ ಲೋಹದ ಬಳೆ ಸವೆದು, ಇಂಜಿನ್ನಿನ ಒಳಗಿನಿಂದ ಗಿಲಕಿಯಂಥ ಸದ್ದು ಬರುತ್ತಿತ್ತು. ಮಿಸ್ತ್ರಿ ಹೆಡ್ಡು ಮತ್ತು ಬೋರನ್ನು ಬಿಚ್ಚಿ, ಪಿನ್ನನ್ನು ವರ್ನಿಯರಿನಲ್ಲಿ ಅಳೆದು, ಅಳತೆಯನ್ನು ಸಿಗರೇಟು ಪಾಕೀಟಿನ ಹಿಂಬದಿಯಲ್ಲಿ ಬರೆದುಕೊಂಡು, ಎರಡು ಗಲ್ಲಿ ಆಚೆಗಿನ ಲೇತ್ ಅಂಗಡಿಗೆ ನಡೆದರು. ಟರ್ನರ್ ಗನ್‌ಮೆಟಲ್ ಸರಳಿನ ಒಂದು ತುಂಡನ್ನು ಲೇತಿನ ತಿರುಗುವ ಹಿಡಿಗೆ ಕಟ್ಟಿ, ಹಳದಿ ಸುರುಳಿಗಳು ಕೆಳಗೆ ಉದುರುವಂತೆ ಅದನ್ನು ಇಳಿಸುತ್ತ ಬಂದು, ಒಳಗಿನ ತೂತನ್ನು ಕೂದಲೆಳೆಯಷ್ಟು ಬಿಗಿಯಾಗಿ ಬಿಟ್ಟರು. ಗ್ಯಾರೇಜಿಗೆ ತಂದು ಒತ್ತಿ ಕೂರಿಸಿ, ತೂತನ್ನು ನಯಗೊಳಿಸುವ ರೀಮರ್ ಆಡಿಸಿ, ಪಿನ್ನಿಗೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ತಳ್ಳಿದಾಗ ಅದು ತಡೆಯಿಲ್ಲದೆ, ಆದರೆ ಸಡಿಲವಾಗದೆ ಒಳಗೆ ಸರಿಯಿತು. ಮಿಸ್ತ್ರಿ ತಲೆ ಅಲ್ಲಾಡಿಸಿ, "ಇದನ್ನ ಮಾಡಿದ ಕಂಪನಿ ಹೋಗಿ ಮೂವತ್ತು ವರ್ಷ ಆತ್ರಿ ಸರ್ರ. ಆದ್ರೂ ಇದು ನಮ್ಮ ಕೈ ಮಾತು ಕೇಳ್ತೈತಿ. ಆ ಗಾಡಿ ಕೇಳಂಗಿಲ್ಲ" ಎಂದು ಗೋಡೆಯ ಕಡೆ ಕೈ ತೋರಿಸಿದರು.

ಕೈ ಮಾತು ಕೇಳದ ಆ ಬೈಕಿನಲ್ಲಿ ಕೆಟ್ಟಿದ್ದು ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಸೆನ್ಸರ್. ಎಕ್ಸಲರೇಟರ್ ಎಷ್ಟು ತಿರುಗಿದೆ ಎಂಬುದನ್ನು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುವುದೇ ಅದರ ಕೆಲಸ. ಹೊಸದು ಮಾರುಕಟ್ಟೆಯಲ್ಲಿ ಇಲ್ಲ. ಅಪಘಾತದಲ್ಲಿ ಜಜ್ಜಿಹೋದ ಅದೇ ಜಾತಿಯ ಇನ್ನೊಂದು ಬೈಕಿನಿಂದ ಬಿಚ್ಚಿದ ಒಂದು ಸೆನ್ಸರ್ ಪುಣೆಯಿಂದ ಸಿಕ್ಕಿತು. ಕೂರಿಸಿದ ಮೇಲೆ ಅದರ ಶೂನ್ಯ, ಎಂದರೆ ಎಕ್ಸಲರೇಟರ್ ತಿರುಗಿಸದಿರುವಾಗಿನ ಸ್ಥಾನ, ಯಾವುದೆಂದು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು, ಹಾಗೆ ಕಲಿಸುವ ಸಾಫ್ಟ್‌ವೇರ್ ಇರುವುದು ಕಂಪನಿಯ ಅಧಿಕೃತ ಡೀಲರನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಆ ಡೀಲರ್ ಬೋರ್ಡು ಇಳಿಸಿ, ಮಳಿಗೆಯನ್ನು ಬೇರೆ ವ್ಯಾಪಾರಕ್ಕೆ ಬಾಡಿಗೆ ಕೊಟ್ಟಾಗಿತ್ತು. ಇಂಜಿನ್, ಗೇರ್ ಪೆಟ್ಟಿಗೆ, ಚಕ್ರ ಎಲ್ಲ ಸರಿಯಿದ್ದೂ ಗಾಡಿ ಓಡುವಂತಿರಲಿಲ್ಲ.

ಮೋಟರ್‌ಸೈಕಲ್ ಕಂಪನಿಯೊಂದು ಒಂದು ಬ್ರ್ಯಾಂಡನ್ನು ನಿಲ್ಲಿಸಿದೆ ಎಂದು ಸುದ್ದಿ ಬಂದಾಗ ಮಾಲೀಕರು ತೋರುವ ಸಿಟ್ಟನ್ನು ನಾವು ಸಾಮಾನ್ಯವಾಗಿ ಅಭಿಮಾನದ ಮಾತೆಂದು, ಗಾಡಿಯ ಮೇಲಿನ ಮೋಹವೆಂದು ತಳ್ಳಿಹಾಕುತ್ತೇವೆ. ಅಭಿಮಾನ ಇರುವುದು ನಿಜ. ಆದರೆ ಆ ಸಿಟ್ಟಿನ ಅಡಿಯಲ್ಲಿ ಬಹಳ ಲೆಕ್ಕಾಚಾರದ ಒಂದು ತಕರಾರು ಇದೆ. ಗಾಡಿ ಕೊಳ್ಳುವವನು ಕಬ್ಬಿಣ ಮತ್ತು ರಬ್ಬರಿಗೆ ಮಾತ್ರ ಹಣ ಕೊಡುವುದಿಲ್ಲ. ಮುಂದಿನ ಹತ್ತು ಹದಿನೈದು ವರ್ಷ ಅದರ ಸಾಮಾನು ಸಿಗುತ್ತದೆ, ಅದನ್ನು ಬಲ್ಲವರು ಇರುತ್ತಾರೆ ಎಂಬ ಭರವಸೆಗೂ ಸೇರಿಸಿ ಕೊಟ್ಟಿರುತ್ತಾನೆ. ಬ್ರ್ಯಾಂಡ್ ನಿಂತಾಗ ಮುರಿಯುವುದು ಆ ಎರಡನೆಯ ಭಾಗ. ಅದರ ಪೆಟ್ಟು 1996ಕ್ಕಿಂತ ಇಂದು ಬಹಳ ಜೋರಾಗಿದೆ, ನಮ್ಮಂಥ ಎರಡನೆಯ ಸಾಲಿನ ನಗರಗಳ ಮೇಲೆ ಇನ್ನೂ ಜೋರಾಗಿದೆ ಎಂಬುದು ನನ್ನ ವಾದ.

ನಿಲ್ಲಿಸುವುದರಲ್ಲೂ ಬಗೆಗಳಿವೆ, ಅವನ್ನು ಬೇರ್ಪಡಿಸಿ ನೋಡದೆ ಮಾಲೀಕನ ಸ್ಥಿತಿ ಅರ್ಥವಾಗುವುದಿಲ್ಲ. ಒಂದು ಮಾಡೆಲ್ ನಿಂತರೆ ಅಷ್ಟು ಚಿಂತೆಯಿಲ್ಲ: ಶೋರೂಂ ಇರುತ್ತದೆ, ಅದೇ ಇಂಜಿನ್ ಇನ್ನೊಂದು ಹೆಸರಿನ ಗಾಡಿಯಲ್ಲಿ ಮುಂದುವರಿದಿರುತ್ತದೆ. ಕಂಪನಿಯೇ ದಿವಾಳಿಯೆದ್ದರೆ ಕೇಳುವವರೇ ಇರುವುದಿಲ್ಲ. ಇವೆರಡರ ನಡುವೆ, ತಾಯಿ ಕಂಪನಿ ಗಟ್ಟಿಯಾಗಿ ನಿಂತಿದ್ದು, ಲಾಭವಿಲ್ಲವೆಂದು ಒಂದು ಬ್ರ್ಯಾಂಡನ್ನು ಮಾತ್ರ ಕಳಚಿಕೊಳ್ಳುವುದು ಅಥವಾ ಒಂದು ದೇಶವನ್ನು ಬಿಟ್ಟು ಹೋಗುವುದು ಮೂರನೆಯ ಬಗೆ. ಮಾಲೀಕರನ್ನು ಹೆಚ್ಚು ಕೆರಳಿಸುವುದು ಇದೇ. ಸತ್ತವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಬಿಟ್ಟು ಹೋದವರ ಮೇಲೆ ಆಗುತ್ತಾರೆ.

ಈ ಮೂರನೆಯ ಬಗೆಗೆ ಅಮೆರಿಕದ ಬ್ಯೂಯೆಲ್ ಬ್ರ್ಯಾಂಡಿನ ಕಥೆ ಒಳ್ಳೆಯ ನಿದರ್ಶನ. ಹಾರ್ಲೆ-ಡೇವಿಡ್‌ಸನ್ನಿನಲ್ಲಿ ಹಿಂದೆ ಇಂಜಿನಿಯರ್ ಆಗಿದ್ದ ಎರಿಕ್ ಬ್ಯೂಯೆಲ್ 1983ರಲ್ಲಿ ಕಟ್ಟಿದ ಸಂಸ್ಥೆ ಅದು. 1993ರಲ್ಲಿ ಹಾರ್ಲೆ ಅದರಲ್ಲಿ ಪಾಲು ಕೊಂಡಿತು, 2003ರ ಹೊತ್ತಿಗೆ ಪೂರ್ತಿ ತನ್ನದಾಗಿಸಿಕೊಂಡಿತು. ಜಾಗತಿಕ ಆರ್ಥಿಕ ಕುಸಿತದ ಬಿಸಿಯಲ್ಲಿ, 2009ರ ಅಕ್ಟೋಬರ್ 15ರಂದು, ಬ್ಯೂಯೆಲ್ ಉತ್ಪಾದನೆಯನ್ನು ನಿಲ್ಲಿಸುವುದಾಗಿಯೂ ಹಿಂದಿನ ವರ್ಷವಷ್ಟೇ ಕೊಂಡಿದ್ದ ಇಟಲಿಯ ಎಂ.ವಿ. ಅಗಸ್ಟಾವನ್ನು ಮಾರುವುದಾಗಿಯೂ ಹಾರ್ಲೆ ಒಂದೇ ದಿನ ಪ್ರಕಟಿಸಿತು. ವಿಸ್ಕಾನ್ಸಿನ್ ರಾಜ್ಯದ ಈಸ್ಟ್ ಟ್ರಾಯ್ ಎಂಬ ಸಣ್ಣ ಊರಿನ ಕಾರ್ಖಾನೆ ಅದೇ ತಿಂಗಳ ಕೊನೆಯಲ್ಲಿ ಕೊನೆಯ ಗಾಡಿಯನ್ನು ಹೊರಗೆ ಕಳಿಸಿತು. ಅಲ್ಲಿಯ ತನಕ 1,35,000ಕ್ಕೂ ಹೆಚ್ಚು ಬ್ಯೂಯೆಲ್ ಗಾಡಿಗಳು ತಯಾರಾಗಿದ್ದವು. ವಾರಂಟಿಯನ್ನು ಪಾಲಿಸುತ್ತೇವೆ, ಹಾರ್ಲೆ ಡೀಲರುಗಳ ಮೂಲಕ ಸಾಮಾನು ಮತ್ತು ಸರ್ವಿಸ್ ಕೊಡುತ್ತೇವೆ ಎಂದು ಕಂಪನಿ ಹೇಳಿತು.

ಆ ಮಾತಿನಿಂದ ಎಲ್ಲ ಮಾಲೀಕರಿಗೂ ಒಂದೇ ಅಳತೆಯ ಸಮಾಧಾನ ಸಿಗುವಂತಿರಲಿಲ್ಲ. ಬ್ಯೂಯೆಲ್‌ನ ಹಳೆಯ ಗಾಡಿಗಳ ಇಂಜಿನ್ ಹಾರ್ಲೆಯ ಸ್ಪೋರ್ಟ್‌ಸ್ಟರ್ ಇಂಜಿನ್ನನ್ನು ಆಧರಿಸಿದ್ದು. ಆ ವಂಶದ ಗಾಡಿಗಳು ಓಡುತ್ತಿರುವ ತನಕ ಅದನ್ನು ಬಿಚ್ಚಿ ಕಟ್ಟಬಲ್ಲವರು ಸಿಗುತ್ತಾರೆ. ಆದರೆ ಬ್ಯೂಯೆಲ್ ಅನ್ನು ಬ್ಯೂಯೆಲ್ ಆಗಿಸಿದ್ದು ಅದರ ವಿಚಿತ್ರಗಳು. ಪೆಟ್ರೋಲು ತುಂಬುವುದು ಗಾಡಿಯ ಚೌಕಟ್ಟಿನ ಟೊಳ್ಳಿನೊಳಗೆ, ಇಂಜಿನ್ ಎಣ್ಣೆ ಇರುವುದು ಹಿಂಚಕ್ರವನ್ನು ಹಿಡಿಯುವ ಸ್ವಿಂಗ್ ಆರ್ಮಿನೊಳಗೆ, ಮುಂದಿನ ಬ್ರೇಕ್ ಡಿಸ್ಕ್ ಕೂರುವುದು ಚಕ್ರದ ನಡುವೆ ಅಲ್ಲ, ರಿಮ್ಮಿನ ಅಂಚಿಗೆ. ಬೇರೆ ಯಾವ ಗಾಡಿಯ ಸಾಮಾನೂ ಅಲ್ಲಿ ಹೊಂದುವುದಿಲ್ಲ. ಕೊನೆಯ ಕಾಲದ 1125 ಆರ್ ಗಾಡಿಯ ಇಂಜಿನ್ ಅಂತೂ ಹಾರ್ಲೆಯದೇ ಅಲ್ಲ, ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಯದು. ಯಾವ ಹೊಸತನಕ್ಕಾಗಿ ಮಾಲೀಕ ಹೆಚ್ಚು ಹಣ ಕೊಟ್ಟಿದ್ದನೋ ಅದೇ ಅವನನ್ನು ಒಂಟಿಯಾಗಿಸುತ್ತದೆ. ಹಂಚಿಕೊಂಡ ಸಾಮಾನು ಬದುಕುತ್ತದೆ, ತನ್ನದೇ ಆದದ್ದು ಮೊದಲು ಮಾಯವಾಗುತ್ತದೆ. ಗಾಡಿ ಕೊಳ್ಳುವ ಮುನ್ನ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದು.

ಎರಿಕ್ ಬ್ಯೂಯೆಲ್ ತಮ್ಮ ಹೆಸರಿನಲ್ಲೇ ಮತ್ತೊಂದು ಕಂಪನಿ ಕಟ್ಟಿದರು. 2013ರಲ್ಲಿ ನಮ್ಮ ಹೀರೊ ಮೋಟೊಕಾರ್ಪ್ ಅದರಲ್ಲಿ 49.2 ಪ್ರತಿಶತ ಪಾಲು ಕೊಂಡಿತು. 2015ರ ಏಪ್ರಿಲಿನಲ್ಲಿ ಅದೂ ನಿಂತಿತು. ಒಂದೇ ವಿನ್ಯಾಸಕಾರನನ್ನು ನಂಬಿ ಎರಡೂ ಬಾರಿ ಗಾಡಿ ಕೊಂಡವರು ಆರೇ ವರ್ಷಗಳ ಅಂತರದಲ್ಲಿ ಎರಡು ಸಲ ಅನಾಥರಾದರು.

ಇಷ್ಟು ವರ್ಷ ಸಾಮಾನು ಕೊಡುತ್ತೇವೆ ಎಂದು ಕಂಪನಿ ಹೇಳಿದ ಮೇಲೂ ಸಾಮಾನು ಏಕೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಾಡಿಯ ಬಹುಪಾಲು ಬಿಡಿಭಾಗಗಳನ್ನು ಕಂಪನಿ ತಾನೇ ಮಾಡುವುದಿಲ್ಲ. ಹತ್ತಾರು ಸಣ್ಣ ದೊಡ್ಡ ಪೂರೈಕೆದಾರರಿಂದ ಮಾಡಿಸುತ್ತದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಹುಬ್ಬಳ್ಳಿಯ ಫೌಂಡ್ರಿಗಳಲ್ಲೋ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ಸಂಗತಿ: ಒಂದು ಭಾಗಕ್ಕೆ ಒಂದು ಡೈ, ಎಂದರೆ ಅಚ್ಚು, ಬೇಕು, ಆ ಡೈ ಜಾಗ ತಿನ್ನುತ್ತದೆ, ಅದನ್ನು ಪ್ರೆಸ್ಸಿಗೆ ಏರಿಸಿ ಇಳಿಸುವುದಕ್ಕೇ ಅರ್ಧ ಪಾಳಿ ಹೋಗುತ್ತದೆ. ತಿಂಗಳಿಗೆ ಐದು ಸಾವಿರ ಕೇಳುತ್ತಿದ್ದ ಕಂಪನಿ ವರ್ಷಕ್ಕೆ ಇನ್ನೂರು ಕೇಳತೊಡಗಿದರೆ ಪೂರೈಕೆದಾರ ಆ ಡೈಯನ್ನು ಏರಿಸುವುದೇ ಇಲ್ಲ. ಆಗ ಕಂಪನಿ ಒಂದೇ ಸಲ ಒಂದಷ್ಟು ಮಾಡಿಸಿ ಗೋದಾಮಿನಲ್ಲಿಡುತ್ತದೆ. ಸಾಮಾನು ಕೊಡುವ ಭರವಸೆಯ ಅಸಲು ಗಾತ್ರ ಆ ರಾಶಿಯಷ್ಟೇ. ಬ್ರೇಕ್ ಪ್ಯಾಡ್, ಕೇಬಲ್, ಫಿಲ್ಟರ್, ಚೈನ್ ಸೆಟ್ ಮುಂತಾದ ಬೇಗ ಸವೆಯುವ ಸಾಮಾನನ್ನು ಬೇರೆಯವರೂ ತಯಾರಿಸುವುದರಿಂದ ಅವು ಉಳಿಯುತ್ತವೆ. ಪೆಟ್ರೋಲ್ ಟ್ಯಾಂಕು, ಹೆಡ್‌ಲೈಟಿನ ಗಾಜು, ಪ್ಯಾನೆಲ್, ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಮೊದಲು ಮುಗಿಯುತ್ತವೆ. ಹೀಗಾಗಿ ಜೋಪಾನವಾಗಿ ಓಡಿಸಿದವನ ಗಾಡಿ ಹಲವು ವರ್ಷ ಓಡುತ್ತದೆ, ಎಮ್ಮೆ ಅಡ್ಡ ಬಂದು ಒಂದು ಸಲ ಬಿದ್ದವನ ಗಾಡಿ ಅಲ್ಲಿಗೇ ಮುಗಿಯುತ್ತದೆ.

ಹಾಗಿದ್ದರೆ ಯೆಜ್ಡಿ ಹೇಗೆ ಉಳಿಯಿತು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ ಗಾಡಿಗಳು ನಮ್ಮ ಕಡೆಯ ಎರೆಹೊಲದ ಊರುಗಳಲ್ಲಿ ಹೆಸರುಕಾಳು, ಹತ್ತಿಬೀಜ, ಗೊಬ್ಬರದ ಚೀಲ ಎಲ್ಲವನ್ನೂ ಹೊತ್ತಿವೆ. ಅವುಗಳ ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇಷ್ಟೇ ಓಡಾಡುವ ಮುಖ್ಯ ಭಾಗಗಳು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಹಾಕುವುದರಿಂದ ರೋಡ್‌ಕಿಂಗ್‌ನಂಥ ಯೆಜ್ಡಿಯಲ್ಲಿ ಎಣ್ಣೆಯ ಪಂಪೂ ಇಲ್ಲ. ಕಿಕ್ ಹೊಡೆಯುವ ಹಿಡಿಯನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಿನ ಹಿಡಿಯಾಗುವ ಜಾಣ್ಮೆ ಅದರಲ್ಲಿತ್ತು, ಆದರೆ ಆ ಜಾಣ್ಮೆ ಕಣ್ಣಿಗೆ ಕಾಣುವಂಥದ್ದು, ಬಿಚ್ಚಿ ನೋಡಿದರೆ ತಿಳಿಯುವಂಥದ್ದು. ಪಿಸ್ಟನ್ ಓಡಾಡುವ ಬೋರ್ ಸವೆದರೆ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿ ರೀಬೋರ್ ಮಾಡಬಹುದು, ಮತ್ತೆ ಸವೆದರೆ ಅರ್ಧ, ಆಮೇಲೆ ಮುಕ್ಕಾಲು. ಅದೆಲ್ಲ ಮುಗಿದರೆ ಹೊಸ ಸ್ಲೀವ್ ಕೂರಿಸಬಹುದು. ಕಂಪನಿಯ ಜ್ಞಾನ ಕಾರ್ಖಾನೆಯಿಂದ ಹೊರಬಿದ್ದು ಮಿಸ್ತ್ರಿಗಳ ಕೈಗೆ ಬಂದಾಗಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಅದು ಅಲ್ಲೇ ಉಳಿಯಿತು.

ಯಮಹಾ ಆರ್‌ಎಕ್ಸ್ 100 ಕೂಡ ಹಾಗೆಯೇ. 1985ರಲ್ಲಿ ಬಂದ 98 ಸಿಸಿಯ, 11 ಅಶ್ವಶಕ್ತಿಯ ಆ ಹಗುರ ಗಾಡಿ, ಹೊಗೆಯ ನಿಯಮಗಳು ಬಿಗಿಯಾದ 1996ರಲ್ಲೇ ನಿಂತಿತು. ಇಲ್ಲಿ ನಿಂತದ್ದು ಮಾಡೆಲ್ ಮಾತ್ರ, ಯಮಹಾ ಇಲ್ಲೇ ಇತ್ತು, ಆರ್‌ಎಕ್ಸ್ ಮನೆತನದ 135 ಸಿಸಿ ಗಾಡಿ ಇನ್ನೂ ಹಲವು ವರ್ಷ ಬಂತು, ಸಾಮಾನು ತಯಾರಿಸುವ ಹೊರಗಿನವರೂ ಬಹಳ ಜನ ಇದ್ದರು. ಧಾರವಾಡದಲ್ಲಿ ಕಾಲೇಜು ಓದಿದ ಯಾರನ್ನು ಕೇಳಿದರೂ ಆ ಗಾಡಿಯ ಸೈಲೆನ್ಸರಿನ ದನಿಯನ್ನು ದೂರದಿಂದಲೇ ಗುರುತಿಸಿ ಹೇಳುತ್ತಾರೆ. ಒಳ್ಳೆಯ ಸ್ಥಿತಿಯ ಆರ್‌ಎಕ್ಸ್‌ಗೆ ಈಗ ಅದರ ಅಂದಿನ ಬೆಲೆಯ ಹಲವು ಪಟ್ಟು ಕೊಡುವವರಿದ್ದಾರೆ. ಇದನ್ನು ನೋಡಿ, ನಿಂತುಹೋದ ಗಾಡಿಗೆ ಬೆಲೆ ಏರುತ್ತದೆ ಎಂದು ನಂಬುವುದು ದೊಡ್ಡ ತಪ್ಪು. ಬೆಲೆ ಏರಿದ್ದು ನಿಂತದ್ದಕ್ಕಲ್ಲ, ನಿಂತ ಮೇಲೂ ರಿಪೇರಿ ಆಗುತ್ತಿದ್ದುದಕ್ಕೆ. ಅದೇ ಕಾಲದ ಎಷ್ಟೋ ಗಾಡಿಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು, ಅವುಗಳ ಹೆಸರನ್ನು ಇಂದು ಯಾರೂ ಎತ್ತುವುದಿಲ್ಲ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ನಿಯಮ ಜಾರಿಯಾದ ಮೇಲೆ ನಮ್ಮ ಮೋಟರ್‌ಸೈಕಲ್ಲುಗಳ ಒಳಗು ಬದಲಾಯಿತು. ಬಹುಪಾಲು ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಬಂತು. ಸೈಲೆನ್ಸರಿನಲ್ಲಿ ಆಮ್ಲಜನಕದ ಸೆನ್ಸರ್ ಕುಳಿತಿತು. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ 2019ರಿಂದಲೇ ಕಡ್ಡಾಯವಾಗಿತ್ತು. ಇವೆಲ್ಲ ಬೇಕಾದ ಬದಲಾವಣೆಗಳು. ಎಬಿಎಸ್ ಜೀವ ಉಳಿಸುತ್ತದೆ, ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಸಂಜೆ ಆರು ಗಂಟೆಗೆ ನಿಂತವರು ಹೊಗೆಯ ನಿಯಮ ಬೇಡವೆನ್ನಲಾರರು. ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ, ಅದಕ್ಕೆ ಹಾಕಿರುವ ಬೀಗದ ಮೇಲೆ. ದೋಷವನ್ನು ಓದುವ, ಹೊಸ ಭಾಗವನ್ನು ಗಾಡಿಗೆ ಪರಿಚಯಿಸುವ ಸಾಫ್ಟ್‌ವೇರನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಾಗ, ಕಂಪನಿ ಹೊರಟ ದಿನ ಬೀಗದ ಕೈಯೂ ಅದರೊಂದಿಗೆ ಹೊರಡುತ್ತದೆ. ಗಾಡಿಯ ಕೆಲವು ಕೆಲಸಗಳು ಕಂಪನಿಯ ಸರ್ವರನ್ನೇ ನೆಚ್ಚಿಕೊಂಡಿರುವ ವಿದ್ಯುತ್ ಸ್ಕೂಟರುಗಳ ವಿಷಯದಲ್ಲಿ ಇದು ಇನ್ನೂ ಕಟುವಾಗುತ್ತದೆ. ಬ್ಯಾಟರಿಯ ನಿರ್ವಹಣಾ ಸಾಫ್ಟ್‌ವೇರ್ ತೆರೆಯದಿದ್ದರೆ ಒಂದು ಸೆಲ್ಲನ್ನೂ ಬದಲಿಸಲಾಗದು.

ಹಾರ್ಲೆ-ಡೇವಿಡ್‌ಸನ್ ಭಾರತದಲ್ಲಿ ತನ್ನ ಮಾರಾಟ ಮತ್ತು ತಯಾರಿಕೆಯನ್ನು ನಿಲ್ಲಿಸುವುದಾಗಿ 2020ರ ಸೆಪ್ಟೆಂಬರ್ 24ರಂದು ಹೇಳಿದಾಗ ಇಲ್ಲಿನ ಮಾಲೀಕರೂ ಇದೇ ಭಯಕ್ಕೆ ಬಿದ್ದರು. ಹತ್ತು ವರ್ಷ ಇಲ್ಲಿ ವ್ಯಾಪಾರ ಮಾಡಿ, ಹರಿಯಾಣದ ಬಾವಲ್‌ನಲ್ಲಿ ಕಾರ್ಖಾನೆ ನಡೆಸಿ, ಇದ್ದಕ್ಕಿದ್ದಂತೆ ಹೊರಟ ಕಂಪನಿಯ ಮೇಲೆ ಹೆಚ್ಚು ಸಿಟ್ಟಾದವರು ಡೀಲರುಗಳು. ಅವರು ಸುರಿದ ಬಂಡವಾಳಕ್ಕೆ ರಕ್ಷಣೆ ಕೊಡುವ ಕಾನೂನು ಬೇಕೆಂದು ವಾಹನ ಡೀಲರುಗಳ ಒಕ್ಕೂಟ ಕೇಳುತ್ತಲೇ ಬಂದಿದೆ. ಒಂದು ತಿಂಗಳ ಬಳಿಕ, ಅಕ್ಟೋಬರ್ 27ರಂದು, ಹೀರೊ ಮೋಟೊಕಾರ್ಪ್ ಮಾರಾಟ, ಸರ್ವಿಸ್ ಮತ್ತು ಬಿಡಿಭಾಗಗಳ ಹೊಣೆ ಹೊರುವ ಒಪ್ಪಂದವಾಯಿತು. ಹಾಗಾಗಿ ಆ ಭಯ ಪೂರ್ತಿ ನಿಜವಾಗಲಿಲ್ಲ. ಆದರೂ ಆ ಒಂದು ತಿಂಗಳಲ್ಲಿ ಗಾಬರಿಯಿಂದ ಸಿಕ್ಕ ಬೆಲೆಗೆ ಗಾಡಿ ಮಾರಿದವನಿಗೆ ಆದ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ಪ್ರಕಟಣೆಯ ದಿನವೇ ಮುಂದಿನ ವ್ಯವಸ್ಥೆಯನ್ನೂ ಹೇಳಬೇಕೆಂಬ ನಿಯಮ ಇದ್ದಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಇಲ್ಲಿ ಊರಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ಬ್ರ್ಯಾಂಡ್ ಸೊರಗತೊಡಗಿದಾಗ ಮೊದಲು ಮುಚ್ಚುವುದು ಸಣ್ಣ ನಗರದ ಶೋರೂಂ. ಬೆಂಗಳೂರಿನಲ್ಲಿ ಒಂದು ಸರ್ವಿಸ್ ಕೇಂದ್ರ ಉಳಿದಿದ್ದರೆ ಕಂಪನಿಯ ಕಾಗದದಲ್ಲಿ ಕರ್ನಾಟಕಕ್ಕೆ ಸೇವೆ ಇದೆ ಎಂದೇ ಬರೆದಿರುತ್ತದೆ. ಆದರೆ ಸ್ಟಾರ್ಟ್ ಆಗದ ಗಾಡಿಯನ್ನು ಹುಬ್ಬಳ್ಳಿಯಿಂದ 400 ಕಿಲೋಮೀಟರ್ ಟೆಂಪೊದಲ್ಲಿ ಹೇರಿಕೊಂಡು ಹೋಗುವ ಬಾಡಿಗೆ, ಅಲ್ಲಿ ಕಾಯುವ ದಿನಗಳು, ಮರಳಿ ತರುವ ಖರ್ಚು ಸೇರಿದರೆ ರಿಪೇರಿಯ ಬಿಲ್ಲಿಗಿಂತ ಅದೇ ಹೆಚ್ಚಾಗುತ್ತದೆ. ಗದಗದವನಿಗೂ ಹಾವೇರಿಯವನಿಗೂ ಹುಬ್ಬಳ್ಳಿಯ ಶೋರೂಮೇ ಆಧಾರ. ಅದು ಮುಚ್ಚಿದರೆ ಮೂರು ನಾಲ್ಕು ಜಿಲ್ಲೆಗಳು ಒಟ್ಟಿಗೆ ಕತ್ತಲಾಗುತ್ತವೆ.

ಕಾನೂನು ಏನು ಹೇಳುತ್ತದೆ? ಗಾಡಿ ನಿಲ್ಲಿಸಿದ ಮೇಲೆ ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕೆಂದು ಸಂಖ್ಯೆ ನಮೂದಿಸಿದ ನಿಯಮ ನಮ್ಮ ಗ್ರಾಹಕ ಕಾಯ್ದೆಯಲ್ಲಿಲ್ಲ. ಹತ್ತು ವರ್ಷ ಎಂಬುದು ಉದ್ಯಮದಲ್ಲಿ ಬಾಯಿಮಾತಿನಲ್ಲಿ ಓಡಾಡುವ ರೂಢಿ. ಆದರೆ ಮಾಲೀಕ ಬರಿಗೈಯಲ್ಲೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ನೆರವೇರುವ ಸಾಧ್ಯತೆ ಸರಿಯಾಗಿ ಇಲ್ಲದ ವಾರಂಟಿಯನ್ನೋ ರಿಪೇರಿಯ ಭರವಸೆಯನ್ನೋ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ಬಾಗಿಲು ಹಾಕುವ ನಿರ್ಧಾರ ಒಳಗೆ ಆಗಿದ್ದೂ ಐದು ವರ್ಷದ ಸೇವೆಯ ಮಾತು ಹೇಳಿ ಗಾಡಿ ಮಾರಿದ್ದರೆ, ಆ ದಿನಾಂಕಗಳೇ ಮಾಲೀಕನ ಪುರಾವೆ. ಕಡೆಯ ತಿಂಗಳುಗಳಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು, ಕೆಲವೇ ವಾರಗಳಲ್ಲಿ ಅದೇ ಗಾಡಿ ಭಾರಿ ರಿಯಾಯಿತಿಯಲ್ಲಿ ಬಿಕರಿಯಾಗುವುದನ್ನು ಕಂಡವರು ಈ ಅಂಶವನ್ನು ಗಮನಿಸಬೇಕು.

ಇದೇ ಕಾಯ್ದೆ ಮಾಡಿದ ಇನ್ನೊಂದು ದೊಡ್ಡ ಉಪಕಾರವೆಂದರೆ, ದೂರುದಾರ ತಾನು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಚೆನ್ನೈಯಲ್ಲಿರಲಿ, ಹುಬ್ಬಳ್ಳಿಯವರಿಗೆ ಧಾರವಾಡದ ಆಯೋಗವೇ ಸಾಕು. ಐದು ಲಕ್ಷ ರೂಪಾಯಿಯ ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮಾತ್ರ ಮರೆಯಬಾರದು. ಬರುತ್ತದೆ, ಮುಂದಿನ ವಾರ ಬರುತ್ತದೆ ಎಂಬ ಮಾತನ್ನು ನಂಬಿ ಈ ಅವಧಿಯನ್ನು ಕಳೆದುಕೊಂಡವರು ಬಹಳ. ಇನ್ನು, ತಯಾರಕ ಇಲ್ಲಿನ ಕಾನೂನಿನ ಕೈಗೆ ಸಿಗದಿದ್ದರೆ ಮಾರಾಟಗಾರನನ್ನೇ ಹೊಣೆ ಮಾಡುವ ಕಲಮೂ ಕಾಯ್ದೆಯಲ್ಲಿದೆ. ಆದರೆ ಅದು ದೋಷಯುಕ್ತ ಗಾಡಿಯಿಂದ ಜೀವಕ್ಕೋ ಬೇರೆ ಆಸ್ತಿಗೋ ಹಾನಿಯಾದಾಗಿನ ಮಾತು. ಸಾಮಾನು ಸಿಗದೆ ಗಾಡಿ ನಿಂತಿತು ಎಂಬುದನ್ನು ಸೇವೆಯ ಕೊರತೆ ಎಂದೇ ವಾದಿಸಬೇಕಾಗುತ್ತದೆ. ಈ ಎರಡನ್ನು ಕಲಸಿ ಬರೆದ ದೂರು ದುರ್ಬಲವಾಗುತ್ತದೆ.

ವಿಮೆಯ ಕಾಗದದಲ್ಲೂ ಒಂದು ಸೂಕ್ಷ್ಮವಿದೆ, ಅದನ್ನು ಓದುವವರು ಕಡಿಮೆ. ಮಾರಾಟದಲ್ಲಿರುವ ಗಾಡಿಯ ವಿಮಾ ಮೌಲ್ಯವನ್ನು ಅದರ ಹೊಸ ಬೆಲೆಯಿಂದ ವಯಸ್ಸಿಗೆ ತಕ್ಕ ಪ್ರತಿಶತ ಕಳೆದು ಲೆಕ್ಕ ಹಾಕುತ್ತಾರೆ. ಐದು ವರ್ಷ ದಾಟಿದ ಗಾಡಿಗೂ, ತಯಾರಕ ನಿಲ್ಲಿಸಿದ ಮಾಡೆಲಿಗೂ ಆ ಕೋಷ್ಟಕ ಅನ್ವಯಿಸುವುದಿಲ್ಲ, ವಿಮಾ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಮೌಲ್ಯ ನಿಗದಿ ಮಾಡಬೇಕು. ಎಂದರೆ ಬ್ರ್ಯಾಂಡ್ ನಿಂತ ಮರು ವರ್ಷ ನವೀಕರಣಕ್ಕೆ ಬಂದ ಅಂಕಿಯನ್ನು ಹಾಗೇ ಒಪ್ಪಬೇಕಾಗಿಲ್ಲ. ಗಾಡಿಯ ಫೋಟೊ, ಸರ್ವಿಸ್ ದಾಖಲೆ, ಅದೇ ಗಾಡಿ ಬೇರೆಡೆ ಮಾರಾಟವಾದ ಬೆಲೆ ಇವನ್ನಿಟ್ಟು ಚೌಕಾಸಿ ಮಾಡಬಹುದು. ಮಾಡದಿದ್ದರೆ ಕಳವಾದ ದಿನ ಅಥವಾ ಅಪಘಾತದ ದಿನ ಕೈಗೆ ಬರುವುದು ಅವರು ಬರೆದ ಅಂಕಿಯೇ.

ಇನ್ನು ನೋಂದಣಿ. ಬ್ರ್ಯಾಂಡ್ ನಿಂತರೆ ಆರ್‌ಸಿ ರದ್ದಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. 15 ವರ್ಷದ ಬಳಿಕ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡಿಸಬಹುದು, 2022ರ ಏಪ್ರಿಲಿನಲ್ಲಿ ಆ ಶುಲ್ಕವನ್ನು ದ್ವಿಚಕ್ರಕ್ಕೆ 300ರಿಂದ 1,000 ರೂಪಾಯಿಗೆ ಏರಿಸಲಾಯಿತು. 50 ವರ್ಷ ದಾಟಿದ ಮೂಲ ಸ್ಥಿತಿಯ ಗಾಡಿಗಳಿಗೆ ವಿಂಟೇಜ್ ನೋಂದಣಿ ಎಂಬ ಪ್ರತ್ಯೇಕ ವ್ಯವಸ್ಥೆ 2021ರಲ್ಲಿ ಬಂತು. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಅಣ್ಣಿಗೇರಿಯ ರೈತರಂತೆ ದಿನಾ ಹೊಲಕ್ಕೆ ಹೋಗುವವರು ಆ ದಾರಿ ಹಿಡಿಯಬಾರದು.

ಹಳೆಯ ಹೆಸರುಗಳು ಮರಳಿ ಬರುತ್ತಿರುವುದರಿಂದ ಹಳೆಯ ಮಾಲೀಕರಿಗೆ ಅನುಕೂಲವಾಗಿದೆಯೇ ಎಂದು ಕೇಳುವವರಿದ್ದಾರೆ. ಜಾವಾ 2018ರ ನವೆಂಬರಿನಲ್ಲಿ, ಯೆಜ್ಡಿ 2022ರ ಜನವರಿಯಲ್ಲಿ ಮರಳಿ ಬಂದವು. ಮೊದಲು ಬಂದ ಹೊಸ ಜಾವಾದ್ದು ನೀರಿನಿಂದ ತಣಿಯುವ 293 ಸಿಸಿ ಫೋರ್-ಸ್ಟ್ರೋಕ್ ಇಂಜಿನ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಟ್ಯಾಂಕಿನ ಮೇಲಿನ ಹೆಸರು ಬಿಟ್ಟರೆ ಮೈಸೂರಿನ ಗಾಡಿಗೆ ಹೊಂದುವ ಸಾಮಾನು ಅದರಲ್ಲಿ ಹುಡುಕಿದರೂ ಸಿಗದು. ಬಜಾಜ್ ಚೇತಕ್ 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಬಂದಾಗಲೂ ಹಳೆಯ ಚೇತಕ್ ಇಟ್ಟುಕೊಂಡವರಿಗೆ ಒಂದು ಕೇಬಲ್ ಕೂಡ ಅದರಿಂದ ದಕ್ಕಲಿಲ್ಲ. ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಆದ್ದರಿಂದ ಅದಕ್ಕೆ ವಾರಸುದಾರರು ಹುಟ್ಟುತ್ತಾರೆ. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಹಳೆಯ ಗಾಡಿಯ ಗೇರ್ ಪೆಟ್ಟಿಗೆಯ ನಕ್ಷೆ ಯಾರ ಬಳಿ ಇರಬೇಕೆಂದು ಯಾರೂ ವ್ಯಾಜ್ಯ ಹೂಡಲಿಲ್ಲ. ಹೆಸರನ್ನು ಪಡೆದವರು ಹೊಣೆಯನ್ನೂ ಸ್ವಲ್ಪ ಪಡೆಯಬೇಕಲ್ಲವೇ? ಪ್ರತಿ ಜುಲೈನ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ನೀಲಿ ಹೊಗೆ ಎಬ್ಬಿಸುತ್ತ ಮೆರವಣಿಗೆ ಹೊರಡುವ ಹಳೆಯ ಗಾಡಿಗಳೇ ಆ ಹೆಸರಿನ ಬೆಲೆಯನ್ನು ಇಷ್ಟು ವರ್ಷ ಕಾಪಾಡಿದ್ದು.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ, ಕೃಷಿ ಉಪಕರಣಗಳೂ ಸೇರಿವೆ. ಕಂಪನಿಗಳು ತಾವಾಗಿ ಮಾಹಿತಿ ಹಾಕಬೇಕೆಂಬ ಈ ವ್ಯವಸ್ಥೆ ಒಳ್ಳೆಯ ಆರಂಭವೇ ಸರಿ. ಆದರೆ ಬ್ರ್ಯಾಂಡ್ ನಿಲ್ಲಿಸುವ ಕಂಪನಿ ತಾನಾಗಿ ಏನನ್ನೂ ಮಾಡುವುದಿಲ್ಲ, ಏಕೆಂದರೆ ಉಳಿಸಿಕೊಳ್ಳಬೇಕಾದ ಗ್ರಾಹಕ ಅದಕ್ಕೆ ಇನ್ನಿಲ್ಲ. ಕಡ್ಡಾಯ ಬೇಕಾಗಿರುವುದು ಈ ಘಟ್ಟಕ್ಕೆ. ನಿಲ್ಲಿಸುವ ಪ್ರಕಟಣೆಯ ಜೊತೆಗೇ ಸರ್ವಿಸ್ ಕೈಪಿಡಿ, ವೈರಿಂಗ್ ನಕ್ಷೆ, ದೋಷ ಓದುವ ಮತ್ತು ಭಾಗ ಜೋಡಿಸುವ ಸಾಫ್ಟ್‌ವೇರ್ ಇವುಗಳನ್ನು ಯಾವ ಗ್ಯಾರೇಜಾದರೂ ಪಡೆಯುವಂತೆ ತೆರೆದಿಡಬೇಕು. ಗೋದಾಮಿನ ರಾಶಿ ಮುಗಿದ ಭಾಗದ ಡೈ ಮತ್ತು ಅಳತೆಗಳನ್ನು ತಯಾರಿಸಲು ಮುಂದೆ ಬಂದವರಿಗೆ ಬಿಟ್ಟುಕೊಡಬೇಕು. ನಕಲು ಮಾಲಿನ ಹಾವಳಿ, ಕಳ್ಳತನದ ಭಯ, ಹೊಗೆಯ ನಿಯಮ ಮೀರಿ ಇಂಜಿನ್ ತಿದ್ದುವವರ ಕಾಟ ಎಂದು ಕಂಪನಿಗಳು ಆಕ್ಷೇಪ ಎತ್ತುತ್ತವೆ. ಕೀಲಿಯ ಗುಪ್ತ ಸಂಖ್ಯೆಯನ್ನು ಬಿಟ್ಟು ಉಳಿದದ್ದನ್ನು ತೆರೆಯಿರಿ ಎಂಬುದು ಅದಕ್ಕೆ ಸರಳವಾದ ಉತ್ತರ. ಸೆನ್ಸರಿನ ಶೂನ್ಯ ಹೊಂದಿಸುವುದರಿಂದ ಯಾವ ಕಳ್ಳನಿಗೂ ಲಾಭವಿಲ್ಲ.

ಸಾಫ್ಟ್‌ವೇರ್ ಕೈಗೆ ಬಂದರೆ ಬಳಸುವವರು ಇಲ್ಲಿದ್ದಾರೆಯೇ ಎಂಬ ಪ್ರಶ್ನೆಗೆ ನಾನು ಗೋಕುಲ ರಸ್ತೆಯ ಗ್ಯಾರೇಜನ್ನೇ ತೋರಿಸುತ್ತೇನೆ. ಮಿಸ್ತ್ರಿಯ ಮಗ ಹುಬ್ಬಳ್ಳಿಯಲ್ಲೇ ಐಟಿಐ ಓದಿದವನು. ಸಾಮಾನ್ಯ ಸ್ಕ್ಯಾನರ್ ಒಂದನ್ನು ಕೊಂಡು, ಗೆಳೆಯರ ಬೈಕಿಗೆ ಜೋಡಿಸಿ, ದೋಷದ ಸಂಖ್ಯೆಯನ್ನು ಹತ್ತು ನಿಮಿಷದಲ್ಲಿ ಓದಿ ಹೇಳಿದ್ದು ಅವನೇ. "ಓದಾಕ ಬರ್ತೈತ್ರಿ, ಬರಿಯಾಕ ಬಿಡಂಗಿಲ್ಲ" ಎಂದ. ಕಾಯಿಲೆ ಗೊತ್ತಾಗಿತ್ತು, ಔಷಧಿ ಕೈಯಲ್ಲಿತ್ತು, ಕೊಡಲು ಅನುಮತಿ ಇರಲಿಲ್ಲ.

ಗೆಳೆಯರು ನವೆಂಬರಿನಲ್ಲಿ ಕಂಪನಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಿದರು. ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿದ್ದ ಬೆಂಗಳೂರಿನ ವಿಳಾಸ ಅದು. ಮೂರನೆಯ ವಾರ ಲಕೋಟೆ ಹಾಗೆಯೇ ಧಾರವಾಡಕ್ಕೆ ಮರಳಿ ಬಂತು. ಅದರ ಮೇಲೆ ಅಂಚೆಯವರು ನೀಲಿ ಪೆನ್ನಿನಲ್ಲಿ ವಿಳಾಸದಾರರು ಬಿಟ್ಟು ಹೋಗಿದ್ದಾರೆ ಎಂದು ಬರೆದಿದ್ದರು. ವಕೀಲರ ಮಾತಿನಂತೆ ಆ ಲಕೋಟೆಯನ್ನು ಒಡೆಯದೆ, ಬೈಕಿನ ಬಿಲ್ಲು ಮತ್ತು ವಾರಂಟಿ ಪುಸ್ತಕದ ಜೊತೆ ಒಂದು ಫೈಲಿನಲ್ಲಿ ಇಟ್ಟಿದ್ದಾರೆ. ಎರಡನೆಯ ನೋಟಿಸ್ ತಾಯಿ ಕಂಪನಿಯ ಮುಖ್ಯ ಕಚೇರಿಗೂ, ಮಳಿಗೆ ಮುಚ್ಚಿದ ಡೀಲರನ ಮನೆಯ ವಿಳಾಸಕ್ಕೂ ಹೋಗಿದೆ.